ಅರ್ಥಶಾಸ್ತ್ರದ ಗುರುಋಣ ಮತ್ತು ವಾಣಿಜ್ಯ ಸಮುದಾಯ

ಪ್ರತಿ ವರ್ಷ ಸೆಪ್ಟೆಂಬರ್ 5 ಸಮೀಪಿಸಿತೆಂದರೆ ಶಾಲು, ಗಂಧದ ಹಾರ ಮತ್ತು ಹಣ್ಣಿನ ಬುಟ್ಟಿಗಳ ವ್ಯಾಪಾರ ಚುರುಕಾಗುತ್ತದೆ. ಗುರುವಂದನೆಯ ಸಮಾರಂಭಗಳಲ್ಲಿ 1921ರ ಮೈಸೂರಿನ ಪ್ರಸಂಗವೊಂದು ತಪ್ಪದೆ ಸ್ಮರಣೆಗೆ ಬರುತ್ತದೆ. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟನ್ನು ತಾವೇ ಎಳೆದು ರೈಲ್ವೆ ನಿಲ್ದಾಣದವರೆಗೆ ಕರೆದೊಯ್ದರು. ತತ್ತ್ವಶಾಸ್ತ್ರದ ಗುರುವಿಗೆ ಅಂತಹ ಗೌರವ ಒಪ್ಪುವ ಮಾತೇ ಸರಿ. ಆದರೆ ಅರ್ಥಶಾಸ್ತ್ರದ ಅಧ್ಯಾಪಕರ ಋಣವನ್ನು ತೀರಿಸುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ವಾಣಿಜ್ಯ ವಲಯದವರು ಕೇಳಿಕೊಂಡಂತೆ ಕಾಣುವುದಿಲ್ಲ. ಬೆಲೆ, ಕೂಲಿ, ಬಡ್ಡಿ, ಹಣ ಇವು ದಿನದಿನಕ್ಕೂ ಬದಲಾಗುವ ಸಂಗತಿಗಳು. ಅವುಗಳ ಬಗ್ಗೆ ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿಯನ್ನು ಮೂವತ್ತು ವರ್ಷಗಳ ನಂತರವೂ ಹಾಗೆಯೇ ಒಪ್ಪಿಸುವ ಶಿಷ್ಯನನ್ನು ಕೃತಜ್ಞನೆನ್ನುವುದಕ್ಕಿಂತ ಸೋಮಾರಿಯೆನ್ನುವುದು ಮೇಲು.

ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಜೀವನ ಕನ್ನಡ ನಾಡಿನವರೇ ಆದ ಅರ್ಥಶಾಸ್ತ್ರಜ್ಞರೊಬ್ಬರದು. ಪಾಲಹಳ್ಳಿ ರಾಮಯ್ಯ ಬ್ರಹ್ಮಾನಂದ ಎಂಬ ಪೂರ್ಣನಾಮವನ್ನು ಬಲ್ಲವರು ಇಂದು ಕಡಿಮೆ. ಪಿ.ಆರ್. ಬ್ರಹ್ಮಾನಂದ ಎಂದರೆ ಹಳೆಯ ತಲೆಮಾರಿನ ವಾಣಿಜ್ಯ ಪದವೀಧರರಿಗೆ ಪರೀಕ್ಷೆಯ ಪ್ರಶ್ನೆಪತ್ರಿಕೆಯೊಂದು ನೆನಪಾದೀತು. 'ವಕೀಲ್–ಬ್ರಹ್ಮಾನಂದ ಮಾದರಿಯನ್ನು ವಿವರಿಸಿ' ಎಂಬುದು ಭಾರತದ ಅರ್ಥವ್ಯವಸ್ಥೆಯ ಪತ್ರಿಕೆಯಲ್ಲಿ ಹತ್ತು ಅಂಕಗಳ ಖಾಯಂ ಅತಿಥಿಯಾಗಿತ್ತು. ಆ ಉತ್ತರವನ್ನು ಬರೆದು ತೇರ್ಗಡೆಯಾದವರಲ್ಲಿ ಹೆಚ್ಚಿನವರಿಗೆ ಆ ಜೋಡಿಹೆಸರಿನ ನಡುವಿನ ಸಣ್ಣ ಗೆರೆಯು ಗುರುಶಿಷ್ಯ ಸಂಬಂಧವೊಂದರ ಗುರುತು ಎಂಬುದು ತಿಳಿದಿರಲಿಲ್ಲ.

ಗುರುಗಳು ಚಂದುಲಾಲ್ ನಗೀನದಾಸ್ ವಕೀಲ್. 1895ರಲ್ಲಿ ಜನಿಸಿದ ಗುಜರಾತಿನ ಈ ವಿದ್ವಾಂಸರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಕಲಿತು ಬಂದು ಮುಂಬಯಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ವಿಭಾಗವನ್ನು ದೀರ್ಘಕಾಲ ಮುನ್ನಡೆಸಿದರು. 1860ರಿಂದ 1924ರವರೆಗಿನ ಭಾರತದ ಸರಕಾರಿ ಹಣಕಾಸನ್ನು ಕುರಿತ ಅವರ ಗ್ರಂಥ 1924ರಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ಖರ್ಚನ್ನು ನೋಟು ಅಚ್ಚುಹಾಕಿ ತುಂಬುತ್ತಿದ್ದ ಬ್ರಿಟಿಷ್ ಸರಕಾರದ ನೀತಿಯನ್ನು 1943ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, 'ಕುಸಿಯುತ್ತಿರುವ ರೂಪಾಯಿ' ಎಂಬರ್ಥದ ಶೀರ್ಷಿಕೆಯ ಪುಸ್ತಕದಲ್ಲಿ ಅವರು ಖಂಡಿಸಿದರು. ಶಿಷ್ಯ ಬ್ರಹ್ಮಾನಂದರು 1926ರಲ್ಲಿ ಜನಿಸಿ ಮೈಸೂರಿನಲ್ಲಿ ಪದವಿ ಪಡೆದು ಮುಂಬಯಿಗೆ ಹೋದವರು. ಇಬ್ಬರ ನಡುವೆ ಮೂವತ್ತೊಂದು ವರ್ಷಗಳ ಅಂತರವಿತ್ತು. ಒಬ್ಬರದು ಗುಜರಾತಿ, ಮತ್ತೊಬ್ಬರದು ಕನ್ನಡ. ಇವರನ್ನು ಜೋಡಿಸಿದ್ದು ದೇಶದ ಬಡತನವನ್ನು ಕುರಿತ ಒಂದು ಲೆಕ್ಕ.

ಒಂದೇ ಮುಖಪುಟದಲ್ಲಿ ಎರಡು ಹೆಸರು

1956ರಲ್ಲಿ 'ಪ್ಲಾನಿಂಗ್ ಫಾರ್ ಆನ್ ಎಕ್ಸ್‌ಪ್ಯಾಂಡಿಂಗ್ ಎಕಾನಮಿ' ಎಂಬ ಗ್ರಂಥ ಹೊರಬಂದಾಗ ವಕೀಲರಿಗೆ ಅರವತ್ತು ದಾಟಿತ್ತು, ಬ್ರಹ್ಮಾನಂದರಿಗೆ ಮೂವತ್ತು. ಮುಖಪುಟದಲ್ಲಿ ಇಬ್ಬರ ಹೆಸರೂ ಇತ್ತು. ಇಂದಿಗೂ ಈ ಸಂಗತಿ ಸಾಮಾನ್ಯವಲ್ಲ. ಕಿರಿಯರ ದುಡಿಮೆಗೆ ಹಿರಿಯರ ಹೆಸರು, ಕಿರಿಯರಿಗೆ ಮುನ್ನುಡಿಯ ಕೊನೆಯ ಸಾಲಿನಲ್ಲಿ ಒಂದು ಧನ್ಯವಾದ ಎಂಬುದು ವಿಶ್ವವಿದ್ಯಾನಿಲಯಗಳ ರೂಢಿ. ಲೆಕ್ಕಪರಿಶೋಧನೆಯ ವೃತ್ತಿಯೂ ಇದಕ್ಕೆ ಹೊರತಲ್ಲ. ಆರ್ಟಿಕಲ್ಡ್ ಕ್ಲರ್ಕ್ ರಾತ್ರಿಯೆಲ್ಲ ಕುಳಿತು ವೋಚರುಗಳನ್ನು ತಾಳೆ ನೋಡುತ್ತಾನೆ, ವರದಿಯ ಕೆಳಗೆ ಪಾಲುದಾರರ ಸಹಿ ಬೀಳುತ್ತದೆ. ಸಹಿಯ ಹೊಣೆ ಕಾನೂನಿನದಾದ್ದರಿಂದ ಅದು ಹಾಗೆಯೇ ಇರಬೇಕಾಗಿದೆ ಎಂದು ಹೇಳಬಹುದು. ಆದರೆ ವಿಚಾರದ ಕ್ಷೇತ್ರದಲ್ಲಿ ಅಂತಹ ಕಾನೂನೇನೂ ಇಲ್ಲ. ವಿದ್ವತ್ತಿನಲ್ಲಿ ಹೆಸರಾಗಿದ್ದ ಗುರು ತನ್ನ ಹೆಸರಿನ ಪಕ್ಕದಲ್ಲಿ ಶಿಷ್ಯನಿಗೆ ಜಾಗ ಕೊಟ್ಟರು. ಶಿಷ್ಯನ ಕೃತಜ್ಞತೆಯ ಕಥೆ ಆರಂಭವಾಗುವುದು ಈ ಔದಾರ್ಯದಿಂದಲೇ ಎಂಬುದನ್ನು ಮರೆಯಲಾಗದು.

ಗ್ರಂಥದ ವಾದವನ್ನು ಕಾರ್ಖಾನೆಯ ಒಡೆಯನೊಬ್ಬನಿಗೆ ಅರ್ಥವಾಗುವಂತೆ ಹೇಳಬಹುದು. ಹಳ್ಳಿಗಳಲ್ಲಿ ನಾಲ್ವರು ಮಾಡಬಹುದಾದ ಕೆಲಸವನ್ನು ಏಳು ಮಂದಿ ಮಾಡುತ್ತಿದ್ದಾರೆ. ಉಳಿದ ಮೂವರು ನೋಡಲು ಉದ್ಯೋಗಸ್ಥರು, ವಾಸ್ತವವಾಗಿ ನಿರುದ್ಯೋಗಿಗಳು. ಪ್ರಚ್ಛನ್ನ ನಿರುದ್ಯೋಗವೆಂದು ಶಾಸ್ತ್ರವು ಕರೆಯುವುದು ಇದನ್ನೇ. ಆ ಮೂವರನ್ನು ಅಣೆಕಟ್ಟು, ರಸ್ತೆ, ಕಾರ್ಖಾನೆಗಳ ನಿರ್ಮಾಣಕ್ಕೆ ಕರೆತಂದರೆ ದೇಶಕ್ಕೆ ಬಂಡವಾಳ ತಾನಾಗಿಯೇ ಸೃಷ್ಟಿಯಾಗುವುದೆಂಬ ಆಶೆಯನ್ನು 1953ರಲ್ಲಿ ರಾಗ್ನರ್ ನರ್ಕ್ಸೆ ಎಂಬ ಅರ್ಥಶಾಸ್ತ್ರಜ್ಞರು ಮೂಡಿಸಿದ್ದರು. ವಕೀಲ್ ಮತ್ತು ಬ್ರಹ್ಮಾನಂದರು ಅಲ್ಲೊಂದು ತೊಡಕನ್ನು ಎತ್ತಿ ತೋರಿಸಿದರು. ಮನೆಯಿಂದ ಮೂವರು ಹೊರಟರೆ ಅವರು ಉಣ್ಣುತ್ತಿದ್ದ ಮುದ್ದೆ ಅವರ ಹಿಂದೆ ನಡೆದು ಬರುವುದಿಲ್ಲ. ಇಷ್ಟು ದಿನ ಅರೆಹೊಟ್ಟೆಯಲ್ಲಿದ್ದ ಉಳಿದ ನಾಲ್ವರು ಈಗ ಸ್ವಲ್ಪ ಹೆಚ್ಚಾಗಿ ಉಣ್ಣುತ್ತಾರೆ. ಹೊರಟ ಮೂವರ ಕೈಗೆ ಕೂಲಿಯ ಹಣ ಬಂದರೂ ಆ ಹಣಕ್ಕೆ ಕೊಳ್ಳಲು ಅಕ್ಕಿ, ರಾಗಿ, ಬೇಳೆ, ಎಣ್ಣೆ, ಬಟ್ಟೆ ಇರುವುದಿಲ್ಲ. ಇರುವಷ್ಟಕ್ಕೇ ಬೆಲೆ ಏರುತ್ತದೆ. ಈ ಪದಾರ್ಥಗಳಿಗೆ 'ವೇತನ ಸರಕುಗಳು' ಎಂದು ಹೆಸರು. ಇವುಗಳ ಕೊರತೆಯೇ ದೇಶದ ನಿಜವಾದ ಬಂಡವಾಳದ ಕೊರತೆ, ಆದ್ದರಿಂದ ಯೋಜನೆಯ ಮೊದಲ ಪಾಲು ಕೃಷಿಗೂ ಜನಬಳಕೆಯ ವಸ್ತುಗಳಿಗೂ ಸಲ್ಲಬೇಕು ಎಂಬುದು ಅವರ ತೀರ್ಮಾನ. ಪಿ.ಸಿ. ಮಹಾಲನೋಬಿಸ್ ಅವರು ರೂಪಿಸಿದ್ದ ಎರಡನೆಯ ಪಂಚವಾರ್ಷಿಕ ಯೋಜನೆ (1956–61) ಉಕ್ಕು ಮತ್ತು ಭಾರೀ ಯಂತ್ರಗಳಿಗೆ ಆದ್ಯತೆ ನೀಡಿದ್ದ ಕಾಲವದು. ದೆಹಲಿಯ ಗಾಳಿಗೆ ಎದುರಾಗಿ ನಿಲ್ಲುವುದು ಸುಲಭವಿರಲಿಲ್ಲ.

ಹಾಗೆ ಎದುರಾಗಿ ನಿಂತವರಲ್ಲಿ ಮತ್ತೊಬ್ಬರು ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿದ ಬೆಳ್ಳಿಕೋತ್‌ನ ಬಿ.ಆರ್. ಶೆಣೈ. ಲಂಡನ್ನಿನಲ್ಲಿ ಹಾಯೆಕ್ ಅವರ ಉಪನ್ಯಾಸಗಳಿಂದ ಪ್ರಭಾವಿತರಾಗಿ ಬಂದಿದ್ದ ಶೆಣೈ 1955ರಲ್ಲಿ ಅರ್ಥಶಾಸ್ತ್ರಜ್ಞರ ಮಂಡಲಿಯ ವರದಿಗೆ ಏಕಾಂಗಿಯಾಗಿ ಭಿನ್ನಮತದ ಟಿಪ್ಪಣಿ ಬರೆದರು. ಅವರ ಆಕ್ಷೇಪಣೆ ಕೊರತೆ ಹಣಕಾಸು ಮತ್ತು ಸರಕಾರಿ ನಿಯಂತ್ರಣಗಳ ಕುರಿತದ್ದು, ವೇತನ ಸರಕಿನದಲ್ಲ. ಎರಡು ಬೇರೆ ಬೇರೆ ಗುರುಮನೆಗಳಿಂದ ಬಂದ, ಈ ಭಾಗದ ಇಬ್ಬರು, ಒಂದೇ ಹೊತ್ತಿನಲ್ಲಿ ಒಂದೇ ಯೋಜನೆಯನ್ನು ಪ್ರಶ್ನಿಸಿದರೆಂಬುದು ಕರ್ನಾಟಕದ ವಾಣಿಜ್ಯ ಪಠ್ಯಗಳಲ್ಲಿ ಎರಡು ಸಾಲಿನಷ್ಟಾದರೂ ಜಾಗಕ್ಕೆ ಅರ್ಹವಾದ ವಿಷಯ.

ಮುಂದೆ ನಡೆದುದು ಎಲ್ಲರಿಗೂ ತಿಳಿದದ್ದೇ. 1956ರ ಆಗಸ್ಟ್‌ನಲ್ಲಿಯೇ ಅಮೆರಿಕದೊಡನೆ ಪಿ.ಎಲ್. 480 ಗೋಧಿಯ ಒಪ್ಪಂದವಾಯಿತು. 1957–58ರಲ್ಲಿ ವಿದೇಶಿ ವಿನಿಮಯ ಬರಿದಾಯಿತು. 1965–66 ಮತ್ತು 1966–67ರ ಸತತ ಬರಗಾಲಗಳಲ್ಲಿ ದೇಶವು ಹಡಗಿನಿಂದ ಇಳಿದ ಗೋಧಿಯನ್ನು ನಂಬಿ ಬದುಕಿತು. 1966ರ ಜೂನ್ 6ರಂದು ಡಾಲರಿನ ಬೆಲೆಯನ್ನು 4.76 ರೂಪಾಯಿಯಿಂದ 7.50 ರೂಪಾಯಿಗೆ ಏರಿಸಿ ರೂಪಾಯಿಯನ್ನು ಅಪಮೌಲ್ಯಗೊಳಿಸಲಾಯಿತು. ಮೂರು ವರ್ಷ ಪಂಚವಾರ್ಷಿಕ ಯೋಜನೆಗೇ ರಜೆ ಸಿಕ್ಕಿತು.

ಇಷ್ಟಾದ ಮಾತ್ರಕ್ಕೆ ಗುರುಶಿಷ್ಯರು ಎಲ್ಲದರಲ್ಲಿಯೂ ಸರಿ ಎಂದು ತೀರ್ಪು ಕೊಡುವುದು ಆತುರವಾದೀತು. ಬೆಂಗಳೂರಿನ ಉದ್ಯಮಿಗಳಿಗಂತೂ ಆ ತೀರ್ಪು ಕೊಡುವ ಹಕ್ಕು ಇನ್ನೂ ಕಡಿಮೆ. ಎಚ್.ಎಂ.ಟಿ., ಬಿ.ಇ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಟ್ಟು ಬೆಳೆದ ಸಣ್ಣ ಘಟಕಗಳೆಷ್ಟೋ, ಅಲ್ಲಿ ಕಸುಬು ಕಲಿತು ಹೊರಬಂದು ಪೀಣ್ಯದಲ್ಲಿ ಲೇತ್ ಯಂತ್ರ ಹಾಕಿಕೊಂಡ ಫಿಟ್ಟರುಗಳೆಷ್ಟೋ. ಯಂತ್ರ ತಯಾರಿಸುವ ಯಂತ್ರಕ್ಕೆ ಮಹಾಲನೋಬಿಸ್ ಕೊಟ್ಟ ಮಹತ್ತ್ವದ ಫಲವನ್ನು ಉಂಡವರಲ್ಲಿ ಈ ನಗರವೇ ಮುಂಚೂಣಿಯಲ್ಲಿದೆ. ವೇತನ ಸರಕಿನ ವಾದವು ಕೌಶಲದ ಬೆಲೆಯನ್ನು ಅಷ್ಟಾಗಿ ಎಣಿಕೆಗೆ ತೆಗೆದುಕೊಳ್ಳಲಿಲ್ಲವೆಂದು ಹೇಳಲು ಅವಕಾಶವಿದೆ.

ಅಲ್ಲಾಳಸಂದ್ರದಲ್ಲಿ ಆ ಲೆಕ್ಕ

ಶಾಸ್ತ್ರದ ಮಾತು ಪುಸ್ತಕದಲ್ಲಿಯೇ ಉಳಿದರೆ ವ್ಯಾಪಾರಿಗೆ ಅದರಿಂದ ಪ್ರಯೋಜನವಿಲ್ಲ. ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ದಾರಿಯಲ್ಲಿರುವ ಅಲ್ಲಾಳಸಂದ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಊರ ಹೆಸರಿನ ಕೊನೆಯಲ್ಲಿರುವ 'ಸಂದ್ರ' ಎಂದರೆ ಸಮುದ್ರ, ಎಂದರೆ ಕೆರೆ. ಕೆರೆಯ ಕೆಳಗಿನ ಗದ್ದೆ, ಮೇಲಿನ ರಾಗಿಹೊಲ, ಇವೇ ಒಂದು ಕಾಲಕ್ಕೆ ಇಂತಹ ಊರುಗಳ ವೇತನ ಸರಕಿನ ಉಗ್ರಾಣ. ಊರಿಗೆ ಹೊಂದಿಕೊಂಡಂತೆಯೇ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ಬೆಂಕಿರೋಗವನ್ನು ತಡೆಯುವ ಜಿ.ಪಿ.ಯು. 28 ರಾಗಿ ತಳಿ ರೂಪುಗೊಂಡದ್ದು ಅಲ್ಲಿಯೇ. ಇತ್ತ ಯಲಹಂಕದಲ್ಲಿ ರೈಲುಗಾಲಿ ಕಾರ್ಖಾನೆಯಿದೆ. ಮಹಾಲನೋಬಿಸ್ ಅವರ ಉಕ್ಕು ಮತ್ತು ಬ್ರಹ್ಮಾನಂದರ ರಾಗಿ, ಎರಡೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ನೆರೆಹೊರೆಯಾಗಿರುವ ಜಾಗ ಇನ್ನೊಂದು ಸಿಕ್ಕುವುದು ವಿರಳ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ನೆಲದ ಬೆಲೆ ಏನಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಬ್ರಹ್ಮಾನಂದರ ಮತ್ತೊಬ್ಬ ಗುರು ನೆರವಿಗೆ ಬರುತ್ತಾರೆ. ಅವರು ಡೇವಿಡ್ ರಿಕಾರ್ಡೊ. ಕಾಲದ ದೂರದಿಂದ ಕಲಿಸಿದ ಈ ಗುರು ಪ್ರಾಧ್ಯಾಪಕರಾಗಿರಲಿಲ್ಲ. ಲಂಡನ್ನಿನ ಷೇರುಪೇಟೆಯಲ್ಲಿ ಹಣ ಮಾಡಿದ ದಲ್ಲಾಳಿ, 1817ರಲ್ಲಿ ಅರ್ಥಶಾಸ್ತ್ರದ ಮಹಾಗ್ರಂಥವನ್ನು ಬರೆದವರು. ವ್ಯಾಪಾರಿಗೆ ಶಾಸ್ತ್ರವೇಕೆ ಎನ್ನುವವರಿಗೆ ಇದು ಸಾಕಷ್ಟು ಉತ್ತರ. ನೆಲದ ಬಾಡಿಗೆಯು ನೆಲದ ಒಡೆಯನ ಶ್ರಮದಿಂದ ಹುಟ್ಟುವುದಿಲ್ಲ, ಅದು ಆ ನೆಲದ ಸ್ಥಾನದಿಂದಲೂ ಫಲವತ್ತತೆಯಿಂದಲೂ ಹುಟ್ಟುತ್ತದೆ, ಅದು ಏರಿದಷ್ಟೂ ಕೂಲಿಗೂ ಲಾಭಕ್ಕೂ ಉಳಿಯುವುದು ಕಡಿಮೆಯಾಗುತ್ತದೆ ಎಂಬ ಅವರ ವಿಚಾರಸರಣಿ ಇಂದಿನ ಬಳ್ಳಾರಿ ರಸ್ತೆಗೆ ನೇರವಾಗಿ ಅನ್ವಯಿಸುತ್ತದೆ.

ಅಲ್ಲಾಳಸಂದ್ರದ ಸುತ್ತಮುತ್ತ ಒಂದು ಕೋಣೆಯ ಮನೆಯಲ್ಲಿ ಬಾಡಿಗೆಗಿರುವ ಕಾರ್ಮಿಕನ ತಿಂಗಳ ಲೆಕ್ಕವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅವನ ಅಕ್ಕಿ, ರಾಗಿ ಈಗ ಕೆರೆಯ ಕೆಳಗಿನ ಗದ್ದೆಯಿಂದ ಬರುವುದಿಲ್ಲ, ಯಶವಂತಪುರದ ಮಂಡಿಯ ಮೂಲಕ ದೂರದ ಜಿಲ್ಲೆಗಳಿಂದ ಬರುತ್ತದೆ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ವರ್ಗದ ತೂಕ 2001ರ ಸರಣಿಯಲ್ಲಿ ಶೇಕಡ 46ರಷ್ಟಿತ್ತು, 2016ರ ಸರಣಿಯಲ್ಲಿ ಶೇಕಡ 39ಕ್ಕೆ ಇಳಿಯಿತು. ಆಹಾರದ ಭಾರ ಇಳಿದ ಕಡೆ ಮತ್ತಾವುದೋ ಭಾರ ಏರಿರಲೇಬೇಕು. ನಗರದಂಚಿನ ಕಾರ್ಮಿಕನ ಮಟ್ಟಿಗೆ ಅದು ಬಾಡಿಗೆ, ಬಸ್ಸಿನ ಚಾರ್ಜು ಮತ್ತು ಮಕ್ಕಳ ಶಾಲೆಯ ಶುಲ್ಕ. 1956ರ ವೇತನ ಸರಕಿನ ಪಟ್ಟಿಯನ್ನು ಇಂದು ಪರಿಷ್ಕರಿಸಹೊರಟರೆ ಈ ಮೂರನ್ನೂ ಸೇರಿಸದೆ ನಿರ್ವಾಹವಿಲ್ಲ.

ಉದ್ಯಮಿಗಳ ಸಭೆಗಳಲ್ಲಿ ಎರಡು ದೂರುಗಳು ಒಟ್ಟಿಗೆ ಕೇಳಿಬರುವುದುಂಟು. ಕನಿಷ್ಠ ವೇತನದ ತುಟ್ಟಿಭತ್ಯೆ ಸೂಚ್ಯಂಕದೊಡನೆ ಏರುತ್ತಲೇ ಹೋಗುತ್ತದೆ ಎಂಬುದು ಒಂದು. ಸರಕಾರವು ಉಚಿತ ಯೋಜನೆಗಳಿಗೆ ತೆರಿಗೆಯ ಹಣವನ್ನು ಸುರಿಯುತ್ತಿದೆ ಎಂಬುದು ಇನ್ನೊಂದು. 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯನ್ನೂ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಬಸ್ ಪ್ರಯಾಣವನ್ನೂ ವೇತನ ಸರಕಿನ ದೃಷ್ಟಿಯಿಂದ ನೋಡಿದರೆ ಈ ಎರಡು ದೂರುಗಳು ಒಂದನ್ನೊಂದು ಕತ್ತರಿಸುತ್ತವೆ. ಕಾರ್ಮಿಕಳ ಅಕ್ಕಿಯ ಮತ್ತು ಬಸ್ಸಿನ ಖರ್ಚನ್ನು ಖಜಾನೆ ಹೊತ್ತಾಗ ಕೂಲಿ ಏರಿಸಬೇಕೆಂಬ ಒತ್ತಡ ಅಷ್ಟರಮಟ್ಟಿಗೆ ಕಾರ್ಖಾನೆಯ ಮೇಲಿನಿಂದ ಇಳಿಯುವುದೇ? ಇಳಿಯುವುದಾದರೆ ಅದರ ಲಾಭ ಯಾರಿಗೆ, ದುಡಿಯುವವಳಿಗೋ, ದುಡಿಸಿಕೊಳ್ಳುವವನಿಗೋ, ಅಥವಾ ಉಳಿದ ಹಣವನ್ನು ಬಾಡಿಗೆಯ ರೂಪದಲ್ಲಿ ಕಿತ್ತುಕೊಳ್ಳುವ ಮನೆಯೊಡೆಯನಿಗೋ? ಯೋಜನೆಗಳು ಒಳ್ಳೆಯವೋ ಕೆಟ್ಟವೋ ಎಂಬುದು ಬೇರೆ ಚರ್ಚೆ. ಒಳ್ಳೆಯ ಅರ್ಥಶಾಸ್ತ್ರದ ಅಧ್ಯಾಪಕ ತರಗತಿಯಲ್ಲಿ ಕೇಳುವುದು ಈ ಬಗೆಯ ಪ್ರಶ್ನೆಯನ್ನು. ಇದಕ್ಕೆ ಲೆಕ್ಕದ ಪುಸ್ತಕದಲ್ಲಿ ಉತ್ತರವಿಲ್ಲ. ಲೆಕ್ಕದ ಪುಸ್ತಕ ಕೂಲಿ ಎಷ್ಟು ಏರಿತೆಂದು ಹೇಳೀತು, ಏಕೆ ಏರಿತೆಂದು ಹೇಳದು.

ಒಪ್ಪಿಗೆಯಾಗದ ಋಣ

ಗುರುಋಣದ ಕಥೆ ವರ್ತಕರಿಗೆ ಹಿತವಾಗಿರುವ ಕಡೆಗೇ ನಿಲ್ಲುವುದಿಲ್ಲ. 1974ರಲ್ಲಿ ಹಣದುಬ್ಬರ ಕೈಮೀರಿತು. ಆ ಆರ್ಥಿಕ ವರ್ಷದ ಸಗಟು ಬೆಲೆಯೇರಿಕೆ ಶೇಕಡ 25ರ ಆಸುಪಾಸಿನಲ್ಲಿತ್ತು. ಆಗ ಸುಮಾರು 78 ವರ್ಷದ ವಕೀಲರೂ 47 ವರ್ಷದ ಬ್ರಹ್ಮಾನಂದರೂ ಮತ್ತೆ ಒಂದುಗೂಡಿ, 140 ಅರ್ಥಶಾಸ್ತ್ರಜ್ಞರ ಸಹಿಯೊಡನೆ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಒಂದು ಮನವಿಪತ್ರ ಸಲ್ಲಿಸಿದರು. ಹಣದ ಚಲಾವಣೆಯನ್ನೂ ಕಪ್ಪುಹಣವನ್ನೂ ಕೂಡಲೇ ತಡೆಹಿಡಿಯಬೇಕೆಂಬ ಅದರ ಸಲಹೆಗಳಿಗೆ 'ಸೆಮಿಬಾಂಬ್ಲಾ' ಎಂಬ, ಬಾಂಬಿನ ಸದ್ದು ಕೇಳಿಸುವ ಹೆಸರಿತ್ತು. ಹೆಸರಿಡುವುದರಲ್ಲಿ ಅರ್ಥಶಾಸ್ತ್ರಜ್ಞರು ನಿಪುಣರಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಅದೇ ವರ್ಷ ಜುಲೈ ತಿಂಗಳಲ್ಲಿ ಸರಕಾರ ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಹೆಚ್ಚುವರಿ ವೇತನವನ್ನು ಪೂರ್ತಿಯಾಗಿ, ಹೆಚ್ಚುವರಿ ತುಟ್ಟಿಭತ್ಯೆಯನ್ನು ಅರ್ಧದಷ್ಟು ಕಡ್ಡಾಯ ಠೇವಣಿಗೆ ಸೇರಿಸಲಾಯಿತು. 15,000 ರೂಪಾಯಿಗಿಂತ ಹೆಚ್ಚು ಆದಾಯವುಳ್ಳ ತೆರಿಗೆದಾರರ ಮೇಲೂ ಕಡ್ಡಾಯ ಠೇವಣಿ ಬಿದ್ದಿತು. ಕಂಪನಿಗಳು ಹಂಚಬಹುದಾದ ಲಾಭಾಂಶಕ್ಕೆ ಮಿತಿ ಬಂದಿತು. ಮನವಿಪತ್ರವೊಂದೇ ಇದಕ್ಕೆಲ್ಲ ಕಾರಣವೆನ್ನಲಾಗದು. ಆದರೆ ದಿಕ್ಕು ಅದೇ ಆಗಿತ್ತು. ಆ ಕಾಲದ ಹಳೆಯ ಲೆಕ್ಕಪತ್ರಗಳನ್ನು ಕಂಡವರು ಕಡ್ಡಾಯ ಠೇವಣಿಯ ಚಲನ್ನುಗಳನ್ನು ಬಲ್ಲರು. 1956ರಲ್ಲಿ ಈ ಜೋಡಿಯನ್ನು ಮೆಚ್ಚಿದ್ದ ವರ್ತಕರು 1974ರಲ್ಲಿ ಮುಖ ಸಿಂಡರಿಸಿದ್ದರೆ ಆಶ್ಚರ್ಯವೇನಿಲ್ಲ. ಬೆಲೆಯೇರಿಕೆ ಇಳಿಯಿತು, ಆದರೆ ಹೂಡಿಕೆಯ ಹುರುಪೂ ಅದರೊಡನೆ ಇಳಿಯಿತೆಂಬ ಟೀಕೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ಗುರು 1943ರಲ್ಲಿ ವಿದೇಶಿ ಸರಕಾರದ ನೋಟುಗಳ ಬಗ್ಗೆ ಹೇಳಿದ್ದನ್ನೇ 1974ರಲ್ಲಿ ಗುರುಶಿಷ್ಯರು ಸ್ವದೇಶಿ ಸರಕಾರದ ನೋಟುಗಳ ಬಗ್ಗೆ ಹೇಳಿದರು. ಯಾರ ಸರಕಾರವೆಂಬುದಾಗಲಿ ಯಾವ ವರ್ಗಕ್ಕೆ ನೋವಾಗುವುದೆಂಬುದಾಗಲಿ ಆ ವಾದವನ್ನು ಬದಲಾಯಿಸಲಿಲ್ಲ.

ಪಾಶ್ಚಾತ್ಯ ಅರ್ಥಶಾಸ್ತ್ರದಲ್ಲಿ ಶಿಷ್ಯಕೃತಜ್ಞತೆಯ ಪ್ರಸಿದ್ಧ ನಿದರ್ಶನ ಕೇನ್ಸ್ ಅವರದು. ಗುರು ಆಲ್ಫ್ರೆಡ್ ಮಾರ್ಷಲ್ 1924ರಲ್ಲಿ ನಿಧನರಾದಾಗ ಅವರನ್ನು ಕುರಿತು ಕೇನ್ಸ್ ಬರೆದ ಸುದೀರ್ಘ ಚರಿತ್ರೆಯನ್ನು ಮೀರಿಸುವ ಶ್ರದ್ಧಾಂಜಲಿ ಆ ಶಾಸ್ತ್ರದಲ್ಲಿ ಇನ್ನೊಂದು ಇರಲಾರದು. ಹನ್ನೆರಡು ವರ್ಷಗಳ ನಂತರ, 1936ರಲ್ಲಿ, ಗುರುವಿನ ಪಂಥದ ಬುನಾದಿಯನ್ನೇ ಅದೇ ಶಿಷ್ಯ ಅಲುಗಾಡಿಸಿದರು. ಮೊದಲು ಹೊಗಳಿ ನಂತರ ಒಡೆಯುವುದು ಕೇನ್ಸ್ ದಾರಿ. ಬ್ರಹ್ಮಾನಂದರದು ನಿಧಾನದ ದಾರಿ, ಗುರುವಿನ ವಾದವನ್ನು ಹೊತ್ತುಕೊಂಡೇ ಅದರ ಕೆಳಗೆ ಹೊಸ ಅಡಿಪಾಯ ತೋಡುವುದು. 1960ರಲ್ಲಿ ಕೇಂಬ್ರಿಜ್‌ನ ಪಿಯೆರೊ ಸ್ರಾಫಾ ಅವರ ಪುಟ್ಟ ಗ್ರಂಥ ರಿಕಾರ್ಡೊ ಪರಂಪರೆಗೆ ಮರುಜೀವ ಕೊಟ್ಟಿತು. ವೇತನ ಸರಕಿನ ವಿಚಾರಕ್ಕೆ ಅದರಲ್ಲಿ ಆಧಾರವಿದೆಯೆಂದು ಕಂಡ ಬ್ರಹ್ಮಾನಂದರು 1967ರಲ್ಲಿ ಹೊಸ ಅಭಿಜಾತ ಅರ್ಥಶಾಸ್ತ್ರವನ್ನು ಕುರಿತ ಕೃತಿಯನ್ನು ಹೊರತಂದರು. ಅದನ್ನು ಪ್ರಕಟಿಸಿದ್ದು ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ. ವಕೀಲರು 1953ರಲ್ಲಿ ಆರಂಭಿಸಿದ 'ಇಂಡಿಯನ್ ಎಕನಾಮಿಕ್ ಜರ್ನಲ್' ಪತ್ರಿಕೆಯ ಸಂಪಾದಕತ್ವದ ಹೊರೆಯನ್ನೂ ಅವರೇ ದೀರ್ಘಕಾಲ ಹೊತ್ತರು. ಬಂದ ಲೇಖನಗಳನ್ನು ಓದಿ, ತಿದ್ದಿ, ಮುದ್ರಣಾಲಯಕ್ಕೆ ಅಟ್ಟುವ ಈ ಕೆಲಸಕ್ಕೆ ಯಾವ ಸಮಾರಂಭದಲ್ಲಿಯೂ ಹಾರ ಬೀಳುವುದಿಲ್ಲ.

ವಕೀಲರು 1979ರಲ್ಲಿ ತೀರಿಕೊಂಡರು. ಆನಂತರವೂ ಶಿಷ್ಯನ ಲೆಕ್ಕ ಮುಗಿಯಲಿಲ್ಲ. 2001ರಲ್ಲಿ, ಎಪ್ಪತ್ತೈದರ ಹತ್ತಿರದ ವಯಸ್ಸಿನಲ್ಲಿ, ಬ್ರಹ್ಮಾನಂದರು ಹತ್ತೊಂಬತ್ತನೆಯ ಶತಮಾನದ ಭಾರತದ ಹಣ, ಆದಾಯ ಮತ್ತು ಬೆಲೆಗಳನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಗುರು 1924ರಲ್ಲಿ ತಮ್ಮ ಮೊದಲ ಅಧ್ಯಯನಗಳಿಗೆ ಆಯ್ದುಕೊಂಡಿದ್ದ ಕಾಲಕ್ಕೇ ಶಿಷ್ಯ ತನ್ನ ಕೊನೆಯ ಶ್ರಮದಲ್ಲಿ ಮರಳಿದಂತಾಯಿತು. 2003ರ ಜನವರಿಯಲ್ಲಿ ಅವರು ನಿಧನರಾದರು. ಭಾರತೀಯ ರಿಸರ್ವ್ ಬ್ಯಾಂಕ್ ಅವರ ಹೆಸರಿನಲ್ಲಿ ಸ್ಮಾರಕ ಉಪನ್ಯಾಸ ಮಾಲೆಯನ್ನು ಸ್ಥಾಪಿಸಿತು. ಕರ್ನಾಟಕದ ವಾಣಿಜ್ಯ ಸಮುದಾಯದಲ್ಲಿ ಅವರ ನೆನಪು ಅದಕ್ಕೆ ತಕ್ಕಷ್ಟು ಉಳಿದಿದೆಯೆಂದು ಹೇಳುವುದು ಕಷ್ಟ.

ಖಾಲಿಯಾಗುತ್ತಿರುವ ಪೀಠ

ಈ ವಿಷಯವನ್ನು ಇಂದು ಎತ್ತುವುದಕ್ಕೆ ಕಾರಣವಿದೆ. ವಾಣಿಜ್ಯ ವಿದ್ಯಾರ್ಥಿಯ ಬದುಕಿನಿಂದ ಅರ್ಥಶಾಸ್ತ್ರವು ಸದ್ದಿಲ್ಲದೆ ಜಾರುತ್ತಿದೆ. ಪಿ.ಯು.ಸಿ. ವಾಣಿಜ್ಯ ವಿಭಾಗದ ಸಂಯೋಜನೆಗಳಲ್ಲಿ ಅರ್ಥಶಾಸ್ತ್ರವನ್ನು ಬಿಟ್ಟು ಸಂಖ್ಯಾಶಾಸ್ತ್ರ, ಗಣಿತ ಅಥವಾ ಗಣಕವಿಜ್ಞಾನವನ್ನು ಆಯ್ದುಕೊಳ್ಳುವ ಅವಕಾಶವಿದೆ, ಅಂಕ ಗಳಿಸುವ ದೃಷ್ಟಿಯಿಂದ ಆ ಆಯ್ಕೆ ಆಕರ್ಷಕವೂ ಹೌದು. ಲೆಕ್ಕಪರಿಶೋಧಕರ ಪರೀಕ್ಷೆಯ ಫೌಂಡೇಶನ್ ಹಂತದಲ್ಲಿ ವ್ಯಾಪಾರ ಅರ್ಥಶಾಸ್ತ್ರದ ನೂರು ಅಂಕದ ಪತ್ರಿಕೆಯಿದೆ, ಆದರೆ ಅದು ಪೂರ್ತಿಯಾಗಿ ವಸ್ತುನಿಷ್ಠ ಮಾದರಿಯದು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರಾಯಿತು. ಇಂಟರ್‌ಮೀಡಿಯೆಟ್ ಹಂತದಲ್ಲಿ ಹಣಕಾಸು ನಿರ್ವಹಣೆಯೊಡನೆ ಜೋಡಿಸಲಾಗಿದ್ದ ಅರ್ಥಶಾಸ್ತ್ರದ ಭಾಗ 2024ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಇಲ್ಲ. ಪಠ್ಯವನ್ನು ಹಗುರಗೊಳಿಸಬೇಕೆಂಬ ಉದ್ದೇಶ ಅರ್ಥವಾಗುವಂಥದ್ದೇ. ಆದರೂ ರಿಕಾರ್ಡೊನ ಬಾಡಿಗೆಯನ್ನು ನಾಲ್ಕು ಚೌಕಗಳಲ್ಲಿ ಒಂದಾಗಿ ಮಾತ್ರ ಕಂಡ ತರುಣನೊಬ್ಬ ನಾಳೆ ಬಳ್ಳಾರಿ ರಸ್ತೆಯ ಘಟಕವೊಂದರ ಯೋಜನಾ ವರದಿಯನ್ನು ತಯಾರಿಸುವಾಗ ಬಾಡಿಗೆಯ ಸಾಲಿನಲ್ಲಿ ಪ್ರತಿವರ್ಷ ಶೇಕಡ ಐದು ಏರಿಕೆಯೆಂದು ಯಾಂತ್ರಿಕವಾಗಿ ತುಂಬುತ್ತಾನೆ. ಬ್ಯಾಂಕು ಅದನ್ನು ನಂಬಿ ಸಾಲ ಕೊಡುತ್ತದೆ. ಘಟಕ ಮೂರನೆಯ ವರ್ಷ ಏದುಸಿರು ಬಿಡುತ್ತದೆ.

ಇನ್ನು ಬೋಧಿಸುವವರ ಸ್ಥಿತಿ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆಯುತ್ತಿವೆ. ಮುಂದಿನ ಶೈಕ್ಷಣಿಕ ವರ್ಷ ಕೆಲಸವಿರುವುದೋ ಇಲ್ಲವೋ ಎಂಬ ಅನಿಶ್ಚಯದಲ್ಲಿರುವ ಅಧ್ಯಾಪಕ ಶಿಷ್ಯನೊಬ್ಬನನ್ನು ಹತ್ತು ವರ್ಷ ಬೆಳೆಸಿ ತನ್ನ ಪುಸ್ತಕದ ಮುಖಪುಟದಲ್ಲಿ ಅವನ ಹೆಸರು ಹಾಕುವ ಮಾತೆಲ್ಲಿ ಬಂತು? ವಕೀಲ್ ಮತ್ತು ಬ್ರಹ್ಮಾನಂದರ ಸಂಬಂಧಕ್ಕೆ ಬೇಕಾದದ್ದು ಮೇಧಾವಿತನವೊಂದೇ ಅಲ್ಲ. ಒಂದೇ ಕಟ್ಟಡದಲ್ಲಿ, ಒಂದೇ ಗ್ರಂಥಾಲಯದಲ್ಲಿ ಇಬ್ಬರೂ ವರ್ಷಗಟ್ಟಲೆ ಉಳಿಯುವ ಭರವಸೆಯೂ ಬೇಕಾಗಿತ್ತು.

ಮೈಸೂರು ವಿಶ್ವವಿದ್ಯಾನಿಲಯ ಮತ್ತು ಬೆಂಗಳೂರಿನ ಮೈಸೂರು ವಾಣಿಜ್ಯ ಮಂಡಲಿ ಎರಡೂ ಆರಂಭವಾದದ್ದು 1916ರಲ್ಲಿ, ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ. ಅವಳಿ ಮಕ್ಕಳಂತೆ ಹುಟ್ಟಿದ ಈ ಎರಡು ವಲಯಗಳು ಇಂದು ಪರಸ್ಪರ ಭೇಟಿಯಾಗುವುದು ಉದ್ಯೋಗಮೇಳದಲ್ಲಿ ಮತ್ತು ಘಟಿಕೋತ್ಸವದ ಚಿನ್ನದ ಪದಕದ ದತ್ತಿಯಲ್ಲಿ ಮಾತ್ರ. ಕಂಪನಿ ಕಾಯ್ದೆ 2013ರ 135ನೆಯ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು, ಶಿಕ್ಷಣವು ಆ ಪಟ್ಟಿಯಲ್ಲಿದೆ. ಆ ಹಣ ಕೊಠಡಿ, ಶೌಚಾಲಯ, ಸ್ಮಾರ್ಟ್‌ಬೋರ್ಡುಗಳಿಗೆ ಹೋಗುತ್ತದೆ. ಉದ್ಘಾಟನೆಗೆ ಕಲ್ಲು ಬೇಕು, ಕಲ್ಲಿಗೆ ಗೋಡೆ ಬೇಕು, ಹೀಗಾಗಿ ಗೋಡೆಗಳಿಗೆ ದಾನಿಗಳು ದೊರೆಯುತ್ತಾರೆ. ಐದು ವರ್ಷದ ಮಟ್ಟಿಗೆ ಒಬ್ಬ ಅರ್ಥಶಾಸ್ತ್ರ ಸಂಶೋಧಕನ ಶಿಷ್ಯವೇತನವನ್ನು ಹೊರುವವರು ವಿರಳ.

ಕಾಯ್ದೆಯ ವ್ಯಾಪ್ತಿಗೆ ಬಾರದ ಸಣ್ಣ ಘಟಕಗಳು ಹಣಕ್ಕಿಂತ ಹೆಚ್ಚು ಬೆಲೆಬಾಳುವುದೊಂದನ್ನು ಕೊಡಬಲ್ಲವು. ಯಲಹಂಕ, ಅಲ್ಲಾಳಸಂದ್ರ, ಯಶವಂತಪುರಗಳ ಘಟಕಗಳ ಮತ್ತು ಮಂಡಿಗಳ ಬೀರುಗಳಲ್ಲಿ ಹಳೆಯ ವೇತನ ಪುಸ್ತಕಗಳು, ಖರೀದಿ ಬಿಲ್ಲುಗಳು, ಬಾಡಿಗೆ ಕರಾರುಗಳು ಧೂಳು ತಿನ್ನುತ್ತಿವೆ. ಕಾನೂನು ವಿಧಿಸಿದ ಅವಧಿ ಮುಗಿದೊಡನೆ ಅವು ಗುಜರಿಗೆ ಹೋಗುತ್ತವೆ. ಉತ್ತರ ಬೆಂಗಳೂರಿನಲ್ಲಿ ಕೂಲಿ, ಅಕ್ಕಿ ಮತ್ತು ಬಾಡಿಗೆ ಹೇಗೆ ಒಂದನ್ನೊಂದು ಎಳೆದಾಡುತ್ತ ಬಂದವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಯಾವ ಸರಕಾರಿ ಕಚೇರಿಯಲ್ಲಿಯೂ ಸಿಕ್ಕದು. ಹತ್ತಿರದ ಪದವಿ ಕಾಲೇಜಿನ ಅರ್ಥಶಾಸ್ತ್ರ ವಿಭಾಗಕ್ಕೆ ಅವನ್ನು ಒಪ್ಪಿಸಿದರೆ ಅಲ್ಲಿನ ಅಧ್ಯಾಪಕ 1956ರ ವಾದವನ್ನು ಇಂದಿನ ಅಂಕಿಗಳ ಮೇಲೆ ಪರೀಕ್ಷಿಸಲು ವಿದ್ಯಾರ್ಥಿಗಳಿಗೆ ಹೇಳಬಹುದು. ವಾದ ಸರಿಯೆಂದು ಸಿದ್ಧವಾದರೂ ತಪ್ಪೆಂದು ಸಿದ್ಧವಾದರೂ ಬ್ರಹ್ಮಾನಂದರು ಮೆಚ್ಚುತ್ತಿದ್ದ ಕೆಲಸ ಅದು.

ಇದಕ್ಕೆ ವರ್ತಕರು ಹಿಂಜರಿಯುವುದು ಸಹಜ. ಹಳೆಯ ಪುಸ್ತಕ ಹೊರಹೋದರೆ ತೆರಿಗೆ ಇಲಾಖೆಯ ಕಣ್ಣಿಗೆ ಬಿದ್ದೀತೆಂಬ ಅಳುಕು, ಪೈಪೋಟಿದಾರನಿಗೆ ದರ ತಿಳಿದೀತೆಂಬ ಅನುಮಾನ. ಹೆಸರಿನ ಕಾಲಂ ಮತ್ತು ನೋಂದಣಿ ಸಂಖ್ಯೆಯ ಕಾಲಂಗಳನ್ನು ಮುಚ್ಚಿ ಉಳಿದದ್ದನ್ನು ನಕಲು ಮಾಡಿಸಿ ಕೊಟ್ಟರೆ ಈ ಎರಡೂ ಆತಂಕಗಳು ನಿವಾರಣೆಯಾಗುತ್ತವೆ. ಮನೆಯವರ ಸ್ವಂತ ಖರ್ಚು ವ್ಯಾಪಾರದ ಪುಸ್ತಕದಲ್ಲಿ ಸೇರಿಕೊಂಡಿರುವ ಪುಟಗಳಿದ್ದಲ್ಲಿ ಅವನ್ನು ಬಿಟ್ಟು ಕೊಡಲಿ, ಅರ್ಥಶಾಸ್ತ್ರದ ವಿಭಾಗಕ್ಕೆ ಅವುಗಳ ಅಗತ್ಯವಿಲ್ಲ. ನಕಲಿನ ಖರ್ಚು ಪುಟಕ್ಕೆ ಒಂದೆರಡು ರೂಪಾಯಿಗಿಂತ ಹೆಚ್ಚಾಗದು, ಅದನ್ನು ಲೇಖನ ಸಾಮಗ್ರಿಯ ಲೆಕ್ಕಕ್ಕೆ ಹಾಕಲು ಯಾವ ಲೆಕ್ಕಪರಿಶೋಧಕನೂ ಆಕ್ಷೇಪಿಸಲಾರ.